ಸೊನ್ನೆ ಬಿಟ್ಟು ಬಂದ ಒಂಬತ್ತು ಅಂಕಿಗಳು: ಗಣಿತದ ಮೇಷ್ಟ್ರಾಗಿದ್ದ ಪೋಪ್ ಎರಡನೇ ಸಿಲ್ವೆಸ್ಟರ್

ಭಾರತದ ಅಂಕಿಗಳನ್ನು ಯುರೋಪಿಗೆ ಕೊಟ್ಟದ್ದು ಒಬ್ಬ ಪೋಪ್ ಅನ್ನುವ ಮಾತನ್ನು ನೀವು ಎಲ್ಲಾದರೂ ಓದಿರಬಹುದು. ಅದು ಅರ್ಧ ನಿಜ. ಅಂಥ ಪೋಪ್ ಇದ್ದದ್ದು ಹೌದು. ಹೆಸರು ಎರಡನೇ ಸಿಲ್ವೆಸ್ಟರ್. 999ರ ಏಪ್ರಿಲ್‌ನಿಂದ 1003ರ ಮೇ ತಿಂಗಳವರೆಗೆ ರೋಮಿನ ಗದ್ದುಗೆಯಲ್ಲಿದ್ದ. ಅದಕ್ಕೂ ಮುಂಚೆ ಅವನು ಜೆರ್ಬರ್ಟ್ ಅನ್ನುವ ಮೇಷ್ಟ್ರು. ಒಂದರಿಂದ ಒಂಬತ್ತರವರೆಗಿನ ಭಾರತದ ಅಂಕಿಗಳನ್ನು ಶಿಷ್ಯರಿಗೆ ಕಲಿಸಿದ್ದೂ ಹೌದು. ಆದರೆ ಅವನು ಕಲಿಸಿದ್ದರಲ್ಲಿ ಸೊನ್ನೆ ಇರಲಿಲ್ಲ. ಅವನು ಸತ್ತ ಮೇಲೂ ಇನ್ನೂರು, ಮುನ್ನೂರು ವರ್ಷ ಯುರೋಪಿನ ಜನ ಹಳೇ ರೋಮನ್ ಅಂಕಿಗಳಲ್ಲೇ ಲೆಕ್ಕ ಬರೆದುಕೊಂಡರು.

ಅಷ್ಟು ಒಳ್ಳೆಯ ಅಂಕಿ ಕೈಗೆ ಸಿಕ್ಕಿದ ಮೇಲೂ ಯಾಕೆ ಬಳಸಲಿಲ್ಲ? ಇದಕ್ಕೆ ಉತ್ತರ ಜೆರ್ಬರ್ಟ್‌ನ ಪಾಠಶಾಲೆಯಲ್ಲಿದ್ದ ಒಂದು ಹಲಗೆಯಲ್ಲಿದೆ. ಅಲ್ಲಿಗೆ ಹೋಗುವ ಮುಂಚೆ ಆ ಮನುಷ್ಯನ ಪರಿಚಯ ಆಗಲಿ.

ದಕ್ಷಿಣ ಫ್ರಾನ್ಸಿನ ಬೆಟ್ಟಸೀಮೆಯಲ್ಲಿ ಓರಿಯಾಕ್ ಅನ್ನುವ ಊರಿದೆ. ಜೆರ್ಬರ್ಟ್ ಹುಟ್ಟಿದ್ದು ಆ ಕಡೆ, 945ರ ಆಸುಪಾಸಿನಲ್ಲಿ. ದೊಡ್ಡ ಮನೆತನದವನಲ್ಲ. ಚಿಕ್ಕಂದಿನಲ್ಲೇ ಊರಿನ ಮಠ ಸೇರಿದ, ಅಲ್ಲಿ ಲ್ಯಾಟಿನ್ ವ್ಯಾಕರಣ ಕಲಿತ. ಆಗಿನ ಕಾಲದ ಇಂಥ ಹುಡುಗರ ಕಥೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತಿತ್ತು. ಆದರೆ 967ರಲ್ಲಿ ಬಾರ್ಸಿಲೋನಾದ ಪಾಳೆಯಗಾರ ಬೊರೆಲ್ ಈ ಮಠಕ್ಕೆ ಬಂದ. ನಿಮ್ಮ ಸೀಮೆಯಲ್ಲಿ ವಿದ್ಯಾವಂತರು ಇದ್ದಾರೆಯೇ ಅಂತ ಮಠದ ಹಿರಿಯರು ಕೇಳಿದರು. ಬೇಕಾದಷ್ಟು ಜನ ಇದ್ದಾರೆ ಅಂದ ಬೊರೆಲ್. ಹಾಗಾದರೆ ನಮ್ಮ ಹುಡುಗನೊಬ್ಬನನ್ನು ಕರೆದುಕೊಂಡು ಹೋಗಿ ಅಂತ ಜೆರ್ಬರ್ಟ್‌ನನ್ನು ಜೊತೆ ಮಾಡಿ ಕಳಿಸಿದರು.

ಆಗ ಸ್ಪೇನಿನ ಹೆಚ್ಚಿನ ಭಾಗ ಕಾರ್ಡೋಬಾದ ಮುಸ್ಲಿಂ ಖಲೀಫರ ಕೈಯಲ್ಲಿತ್ತು. ಖಲೀಫ ಎರಡನೇ ಅಲ್ ಹಕಂನ ಗ್ರಂಥಾಲಯದಲ್ಲಿ 4 ಲಕ್ಷ ಹೊತ್ತಿಗೆಗಳಿದ್ದವು ಅಂತ ಹೇಳುತ್ತಾರೆ. ಈ ಲೆಕ್ಕ ಸ್ವಲ್ಪ ಉಬ್ಬಿಸಿದ್ದೇ ಇರಬೇಕು. ಆದರೂ ಫ್ರಾನ್ಸಿನ ಮಠಗಳಲ್ಲಿ ನೂರಿನ್ನೂರು ಪುಸ್ತಕ ಇದ್ದರೆ ದೊಡ್ಡದು ಅನ್ನುವ ಕಾಲ ಅದು. ಜೆರ್ಬರ್ಟ್ ಕಾರ್ಡೋಬಾಗೇ ಹೋಗಿ ಕಲಿತ ಅಂತ ಆಮೇಲೆ ಕೆಲವರು ಬರೆದರು. ಇತಿಹಾಸಕಾರರು ಇದನ್ನು ಅಷ್ಟಾಗಿ ನಂಬುವುದಿಲ್ಲ. ಅವನು ಇದ್ದದ್ದು ಕ್ರೈಸ್ತರ ಆಳ್ವಿಕೆಯ ಗಡಿ ಸೀಮೆಯಲ್ಲಿ, ವಿಕ್ ಅನ್ನುವ ಊರಿನ ಬಿಷಪ್ ಆಟ್ಟೊ ಹತ್ತಿರ. ಪಕ್ಕದ ರಿಪೋಲ್ ಮಠದಲ್ಲಿ ಅರಬ್ಬಿಯಿಂದ ಲ್ಯಾಟಿನ್ನಿಗೆ ಇಳಿದ ಗಣಿತ, ಖಗೋಳದ ಬರಹಗಳಿದ್ದವು. ಬೊರೆಲ್‌ನ ರಾಯಭಾರಿಗಳು ಕಾರ್ಡೋಬಾಗೆ ಹೋಗಿ ಬರುತ್ತಿದ್ದರು. ಅಂದಮೇಲೆ ಹೊಸ ವಿದ್ಯೆ ಗಡಿ ದಾಟಿ ಬರುವುದಕ್ಕೆ ದಾರಿ ಇತ್ತು. ಅದನ್ನು ಹಿಡಿಯುವುದಕ್ಕೆ ಸರಿಯಾದ ಜಾಗದಲ್ಲಿ ಈ ಹುಡುಗ ಮೂರು ವರ್ಷ ಕೂತಿದ್ದ.

ಈ ಅಂಕಿಗಳು ಆ ಗಡಿಗೆ ಆಗಲೇ ಬಂದು ಮುಟ್ಟಿದ್ದವು ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಇದೆ. ಉತ್ತರ ಸ್ಪೇನಿನ ಅಲ್ಬೆಲ್ಡಾ ಮಠದಲ್ಲಿ 976ರಲ್ಲಿ ಬರೆದು ಮುಗಿಸಿದ ಒಂದು ಹಸ್ತಪ್ರತಿ ಉಳಿದಿದೆ. ಪಶ್ಚಿಮ ಯುರೋಪಿನಲ್ಲಿ ಈ ಒಂಬತ್ತು ಅಂಕಿಗಳು ಕಾಣುವ ಅತಿ ಹಳೆಯ ಬರಹ ಅದು. ಭಾರತದವರ ಬುದ್ಧಿ ಬಹಳ ಸೂಕ್ಷ್ಮ, ಲೆಕ್ಕದಲ್ಲಿ ಬೇರೆ ಜನ ಅವರಿಗೆ ತಲೆಬಾಗಬೇಕು, ಈ ಒಂಬತ್ತು ಗುರುತುಗಳೇ ಅದಕ್ಕೆ ಸಾಕ್ಷಿ ಅಂತ ಬರೆದವನು ಹೊಗಳಿದ್ದಾನೆ. ಗಮನಿಸಿ, ಅಲ್ಲೂ ಒಂಬತ್ತೇ. ಸೊನ್ನೆ ಇಲ್ಲ.

ಅದೇ ಹೊತ್ತಿಗೆ ನಮ್ಮ ಕಡೆ ಸೊನ್ನೆ ಹಳೇ ಸಂಗತಿಯಾಗಿತ್ತು. ಬ್ರಹ್ಮಗುಪ್ತ ಸೊನ್ನೆಯ ನಿಯಮಗಳನ್ನು ಬರೆದಿಟ್ಟದ್ದು 628ರಲ್ಲಿ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯ 850ರ ಸುಮಾರಿಗೆ ತನ್ನ ಗಣಿತಸಾರಸಂಗ್ರಹದಲ್ಲಿ ಸೊನ್ನೆಯಿಂದ ಕೂಡುವುದು, ಕಳೆಯುವುದು, ಗುಣಿಸುವುದು ಎಲ್ಲವನ್ನೂ ಹೇಳಿದ್ದಾನೆ. (ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಅಂದದ್ದು ಮಾತ್ರ ಸರಿಯಲ್ಲ, ಇರಲಿ.) ಬಾಗ್ದಾದಿನ ಅಲ್ ಖ್ವಾರಿಜ್ಮಿ ಒಂಬತ್ತನೇ ಶತಮಾನದ ಮೊದಲ ಭಾಗದಲ್ಲೇ ಭಾರತದ ಲೆಕ್ಕದ ಕ್ರಮದ ಬಗ್ಗೆ ಪುಸ್ತಕ ಬರೆದಿದ್ದ. ಅದರಲ್ಲಿ ಸೊನ್ನೆ ಇತ್ತು. ಆದರೆ ಆ ಪುಸ್ತಕ ಲ್ಯಾಟಿನ್ನಿಗೆ ಬಂದದ್ದು ಹನ್ನೆರಡನೇ ಶತಮಾನದಲ್ಲಿ. ಜೆರ್ಬರ್ಟ್ ಕಾಲಕ್ಕೆ ಯುರೋಪಿಗೆ ಸಿಕ್ಕಿದ್ದು ಅಂಕಿಗಳ ಆಕಾರ ಮಾತ್ರ. ಅವುಗಳ ಜೊತೆ ಬರಬೇಕಾದ ಲೆಕ್ಕದ ಕ್ರಮ ಹಿಂದೆ ಉಳಿಯಿತು.

970ರ ಸುಮಾರಿಗೆ ಬೊರೆಲ್ ಮತ್ತು ಆಟ್ಟೊ ರೋಮಿಗೆ ಹೋದಾಗ ಜೆರ್ಬರ್ಟ್‌ನೂ ಜೊತೆಗಿದ್ದ. ಗಣಿತ, ಸಂಗೀತ ಎರಡೂ ಬಲ್ಲ ಹುಡುಗ ಬಂದಿದ್ದಾನೆ ಅಂತ ಆಗಿನ ಪೋಪ್, ಜರ್ಮನಿ ಮತ್ತು ಇಟಲಿ ಆಳುತ್ತಿದ್ದ ಚಕ್ರವರ್ತಿ ಮೊದಲನೇ ಒಟ್ಟೊಗೆ ಸುದ್ದಿ ಮುಟ್ಟಿಸಿದ. ಇಟಲಿಯಲ್ಲಿ ಅಂಥವರು ಇರಲೇ ಇಲ್ಲ. ಚಕ್ರವರ್ತಿ ಕರೆಸಿ ಕೇಳಿದರೆ ಇವನು ಹೇಳಿದ್ದು: ಗಣಿತ ಸಾಕಷ್ಟು ಗೊತ್ತು, ತರ್ಕಶಾಸ್ತ್ರ ಕಲಿಯಬೇಕು. ತರ್ಕದಲ್ಲಿ ಹೆಸರಾದ ಒಬ್ಬ ಪಾದ್ರಿ ಆಗ ಉತ್ತರ ಫ್ರಾನ್ಸಿನ ರೀಮ್ಸ್ ನಗರದಿಂದ ಬಂದಿದ್ದ. ಅವನ ಬೆನ್ನು ಹತ್ತಿ ಜೆರ್ಬರ್ಟ್ ರೀಮ್ಸ್ ಸೇರಿದ. ಇವನು ಅವನಿಂದ ತರ್ಕ ಕಲಿತ. ಬದಲಿಗೆ ಅವನು ಇವನಿಂದ ಸಂಗೀತ ಕಲಿಯಲು ಹೊರಟು, ಇದರ ಲೆಕ್ಕ ನನ್ನ ತಲೆಗೆ ಹತ್ತುವುದಿಲ್ಲ ಅಂತ ಕೈಬಿಟ್ಟ. ಇದನ್ನು ಬರೆದಿಟ್ಟವನು ರಿಶೆರ್ ಅನ್ನುವ ಸನ್ಯಾಸಿ. ಜೆರ್ಬರ್ಟ್‌ನ ಪಾಠದ ಬಗ್ಗೆ ನಮಗೆ ಗೊತ್ತಿರುವ ಹೆಚ್ಚಿನ ವಿಷಯ ಇವನಿಂದ ಬಂದದ್ದು.

ರೀಮ್ಸ್‌ನ ಆರ್ಚ್‌ಬಿಷಪ್ ಅಡಾಲ್ಬೆರೊ ಜೆರ್ಬರ್ಟ್‌ನನ್ನು ಅಲ್ಲಿನ ಪಾಠಶಾಲೆಗೆ ಮೇಷ್ಟ್ರಾಗಿ ನೇಮಿಸಿದ. ಮುಂದೆ ಸುಮಾರು ಹತ್ತು ವರ್ಷ ಅವನ ಹೆಸರು ಕೇಳಿಯೇ ದೂರದೂರದಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ನನ್ನ ಪ್ರಕಾರ ಅವನ ಬದುಕಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕಾಲ ಇದೇ. ವರ್ಜಿಲ್, ಟೆರೆನ್ಸ್, ಹೊರೇಸ್ ಅವರಂಥ ಹಳೇ ಕವಿಗಳನ್ನು ಓದಿಸದೆ ವಾಗ್ಮಿತೆ ಕಲಿಸುವುದಕ್ಕೆ ಆಗುವುದಿಲ್ಲ ಅನ್ನುತ್ತಿದ್ದ. ಖಗೋಳ ಕಲಿಸುವುದಕ್ಕೆ ಮರದ ಗೋಳಗಳನ್ನು ಮಾಡಿಸಿದ. ಒಂದು ಗೋಳಕ್ಕೆ ನೋಡುವ ಕೊಳವೆಗಳಿದ್ದವು. ಒಂದು ಕೊಳವೆಯನ್ನು ಧ್ರುವ ನಕ್ಷತ್ರಕ್ಕೆ ಸರಿಯಾಗಿ ತಿರುಗಿಸಿ ನಿಲ್ಲಿಸಿದರೆ, ಖಗೋಳ ಗೊತ್ತಿಲ್ಲದವನೂ ಉಳಿದ ನಕ್ಷತ್ರಗಳ ಜಾಗ ಹುಡುಕಿಕೊಳ್ಳಬಹುದಿತ್ತು. ಸ್ವರಗಳ ಲೆಕ್ಕ ತೋರಿಸುವುದಕ್ಕೆ ಒಂಟಿ ತಂತಿಯ ವಾದ್ಯ ಬಳಸುತ್ತಿದ್ದ. ಪುಸ್ತಕದ ಹುಚ್ಚು ಬೇರೆ. ಅವನ 200ಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಅವುಗಳಲ್ಲಿ ಬಹಳಷ್ಟು, ಆ ಪುಸ್ತಕ ಕಳಿಸಿ, ಈ ಪುಸ್ತಕ ನಕಲು ಮಾಡಿಸಿ ಅನ್ನುವ ಬೇಡಿಕೆಗಳೇ. ಟ್ರಿಯರ್ ನಗರದ ಸನ್ಯಾಸಿಯೊಬ್ಬ ಗೋಳ ಕೇಳಿದಾಗ, ಸ್ಟೇಷಿಯಸ್ ಕವಿಯ ಕಾವ್ಯವೊಂದನ್ನು ನಕಲು ಮಾಡಿ ಕಳಿಸಿದರೆ ಮಾಡಿಸಿ ಕೊಡುತ್ತೇನೆ ಅಂತ ನೇರವಾಗಿ ವ್ಯಾಪಾರಕ್ಕೇ ಇಳಿದಿದ್ದಾನೆ. 984ರ ಒಂದು ಪತ್ರದಲ್ಲಿ ಬಾರ್ಸಿಲೋನಾದ ಲುಪಿಟಸ್ ಅನ್ನುವವನಿಗೆ, ನೀವು ಅನುವಾದ ಮಾಡಿದ ಖಗೋಳದ ಪುಸ್ತಕ ಬೇಕು ಅಂತ ಬರೆದಿದ್ದಾನೆ. ಸ್ಪೇನಿನ ಜೋಸೆಫ್ ಅನ್ನುವ ಪಂಡಿತ ಗುಣಾಕಾರ, ಭಾಗಾಕಾರದ ಬಗ್ಗೆ ಬರೆದ ಪುಸ್ತಕಕ್ಕಾಗಿಯೂ ಕೇಳಿದ್ದಾನೆ. ಸ್ಪೇನ್ ಬಿಟ್ಟು ಹದಿನೈದು ವರ್ಷ ಆದರೂ ಅಲ್ಲಿಂದ ಏನು ಬರುತ್ತದೆ ಅಂತ ಕಾಯುತ್ತಲೇ ಇದ್ದ.

ಈಗ ಹಲಗೆಗೆ ಬರೋಣ.

ಗುರಾಣಿ ಮಾಡುವ ಕುಶಲಕರ್ಮಿಯೊಬ್ಬನಿಂದ ಜೆರ್ಬರ್ಟ್ ಒಂದು ದೊಡ್ಡ ಲೆಕ್ಕದ ಹಲಗೆ ಮಾಡಿಸಿದ. ಉದ್ದಕ್ಕೆ 27 ಅಂಕಣಗಳು. ಬಲಗಡೆಯ ಮೊದಲ ಅಂಕಣ ಬಿಡಿಗೆ, ಎರಡನೆಯದು ಹತ್ತಕ್ಕೆ, ಮೂರನೆಯದು ನೂರಕ್ಕೆ, ಹೀಗೆ ಎಡಕ್ಕೆ ಹೋದಂತೆ ಹತ್ತು ಪಟ್ಟು ಜಾಸ್ತಿ. ಜೊತೆಗೆ ಕೊಂಬಿನಿಂದ ಮಾಡಿದ 1000 ಬಿಲ್ಲೆಗಳು. ಪ್ರತಿ ಬಿಲ್ಲೆಯ ಮೇಲೂ ಒಂಬತ್ತು ಅಂಕಿಗಳಲ್ಲಿ ಒಂದು.

ಲೆಕ್ಕದ ಹಲಗೆ ರೋಮನ್ನರ ಕಾಲದಿಂದಲೂ ಇತ್ತು. ಅದರಲ್ಲಿ ಬಿಲ್ಲೆಗಳ ಮೇಲೆ ಏನೂ ಬರೆದಿರುತ್ತಿರಲಿಲ್ಲ. ನಮ್ಮ ಅಳಗುಳಿ ಮಣೆಯ ಗುಳಿಯಲ್ಲಿ ಎಷ್ಟು ಹರಳಿವೆ ಅಂತ ಎಣಿಸುವ ಹಾಗೆ, ಏಳು ಅಂತ ತೋರಿಸಬೇಕಾದರೆ ಏಳು ಬಿಲ್ಲೆ ಇಡಬೇಕು, ಓದಬೇಕಾದರೆ ಏಳನ್ನೂ ಎಣಿಸಬೇಕು. ಜೆರ್ಬರ್ಟ್ ಹಲಗೆಯಲ್ಲಿ 7 ಅಂತ ಬರೆದ ಒಂದೇ ಬಿಲ್ಲೆ ಸಾಕು. ಎಣಿಸುವ ಕೆಲಸ ಹೋಯಿತು.

23ನ್ನು 14ರಿಂದ ಗುಣಿಸಬೇಕು ಅಂದುಕೊಳ್ಳಿ. ರೋಮನ್ ಅಂಕಿಗಳಲ್ಲಿ ಇದನ್ನು ಬರೆದರೆ ಅಕ್ಷರಗಳ ಸಾಲು ಕಾಣುತ್ತದೆ, ಅಷ್ಟೇ. ಎಲ್ಲಿಂದ ಶುರು ಮಾಡುವುದು ಅಂತ ಗೊತ್ತಾಗುವುದಿಲ್ಲ. ಹಲಗೆಯಲ್ಲಾದರೆ ದಾರಿ ಕಾಣುತ್ತದೆ. ಹತ್ತರ ಅಂಕಣದ 2 ಮತ್ತು ಹತ್ತರ ಅಂಕಣದ 1 ಗುಣಿಸಿದರೆ ನೂರರ ಅಂಕಣದಲ್ಲಿ 2. ಹತ್ತರ 2ನ್ನು ಬಿಡಿ 4ರಿಂದ ಗುಣಿಸಿದರೆ ಹತ್ತರ ಅಂಕಣದಲ್ಲಿ 8. ಬಿಡಿ 3ನ್ನು ಹತ್ತರ 1ರಿಂದ ಗುಣಿಸಿದರೆ ಹತ್ತರಲ್ಲಿ 3. ಬಿಡಿ 3ನ್ನು ಬಿಡಿ 4ರಿಂದ ಗುಣಿಸಿದರೆ 12, ಅಂದರೆ ಹತ್ತರಲ್ಲಿ 1, ಬಿಡಿಯಲ್ಲಿ 2. ಈಗ ಹತ್ತರ ಅಂಕಣದಲ್ಲಿ 8, 3, 1 ಸೇರಿ 12. ಅದರಲ್ಲಿ ಹತ್ತನ್ನು ತೆಗೆದು ನೂರರ ಅಂಕಣಕ್ಕೆ ಒಂದು ಬಿಲ್ಲೆಯಾಗಿ ಸರಿಸಿದರೆ ಆಯಿತು. ಉತ್ತರ 322. ನಾವು ಶಾಲೆಯಲ್ಲಿ ಕಲಿಯುವ ಗುಣಾಕಾರಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ, ಅಲ್ವಾ?

ಒಂದು ವ್ಯತ್ಯಾಸ ಇದೆ. 205ನ್ನು ಹಲಗೆಯಲ್ಲಿ ಹೇಗೆ ಇಡುತ್ತೀರಿ? ನೂರರ ಅಂಕಣದಲ್ಲಿ 2, ಬಿಡಿಯ ಅಂಕಣದಲ್ಲಿ 5. ನಡುವಿನ ಅಂಕಣ ಖಾಲಿ. ಗೊಂದಲವೇ ಇಲ್ಲ, ಯಾಕೆಂದರೆ ಗೆರೆಗಳು ಅಲ್ಲೇ ಕಾಣುತ್ತಿವೆ. ಹಲಗೆ ತೆಗೆದು ಅದನ್ನೇ ಹಾಳೆಯ ಮೇಲೆ ಬರೆಯಿರಿ ನೋಡೋಣ. ಸೊನ್ನೆ ಇಲ್ಲದಿದ್ದರೆ 2, ಪಕ್ಕದಲ್ಲಿ 5. ಅದು 25 ಇರಬಹುದು, 205 ಇರಬಹುದು, 2005 ಕೂಡ ಇರಬಹುದು.

ಸೊನ್ನೆಯ ಕೆಲಸವನ್ನು ಹಲಗೆಯೇ ಮಾಡುತ್ತಿತ್ತು. ಹಾಗಾಗಿ ಸೊನ್ನೆ ಬೇಕು ಅಂತ ಯಾರಿಗೂ ಅನ್ನಿಸಲೇ ಇಲ್ಲ. ಸೊನ್ನೆ ಇಲ್ಲದ್ದರಿಂದ ಅಂಕಿಗಳು ಹಲಗೆ ಬಿಟ್ಟು ಹಾಳೆಗೆ ಬರಲಿಲ್ಲ. ಲೆಕ್ಕ ಮಾಡುವುದು ಹಲಗೆ ಮೇಲೆ, ಉತ್ತರ ಬರೆಯುವುದು ಮತ್ತೆ ರೋಮನ್ ಅಂಕಿಯಲ್ಲಿ. 322 ಅಂತ ಬಂದದ್ದನ್ನು ನೋಡಿ ಸಿ-ಸಿ-ಸಿ-ಎಕ್ಸ್-ಎಕ್ಸ್-ಐ-ಐ ಅಂತ ಬರೆದುಕೊಳ್ಳುವುದು. ಜೆರ್ಬರ್ಟ್‌ನ ಶಿಷ್ಯರಿಗೆ ಇದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ. ಅವರ ಮಟ್ಟಿಗೆ ಅವು ಸಂಖ್ಯೆ ಬರೆಯುವ ಲಿಪಿಯಾಗಿರಲಿಲ್ಲ, ಬಿಲ್ಲೆಗಳ ಮೇಲಿನ ಗುರುತುಗಳಾಗಿದ್ದವು. ಬಿಲ್ಲೆ ತಿರುಗಿದರೆ ಅಂಕಿಯೂ ತಿರುಗುತ್ತದೆ, ಆದ್ದರಿಂದ ಆಮೇಲಿನ ಹಸ್ತಪ್ರತಿಗಳಲ್ಲಿ ಈ ಅಂಕಿಗಳು ಒಮ್ಮೊಮ್ಮೆ ಅಡ್ಡಡ್ಡ ಮಲಗಿರುವುದೂ ಉಂಟು.

ಜೆರ್ಬರ್ಟ್ ಎಂಥ ಮೇಷ್ಟ್ರು ಅಂತ ನೋಡಬೇಕಾದರೆ ಅಡೆಲ್ಬೊಲ್ಡ್ ಅನ್ನುವವನಿಗೆ ಬರೆದ ಪತ್ರ ಓದಬೇಕು. ಮೂರೂ ಬದಿ ಸಮವಾಗಿರುವ ತ್ರಿಕೋನ, ಒಂದೊಂದು ಬದಿ 7. ವಿಸ್ತೀರ್ಣ ಎಷ್ಟು? ಹಳೇ ಪುಸ್ತಕಗಳಲ್ಲಿ ಎರಡು ಲೆಕ್ಕ ಇದ್ದವು. ಒಂದು, 7ನ್ನು 8ರಿಂದ ಗುಣಿಸಿ ಅರ್ಧ ಮಾಡಿದರೆ 28. ಇನ್ನೊಂದು, ಎತ್ತರ 6 ಅಂತ ಇಟ್ಟುಕೊಂಡು 7ರಿಂದ ಗುಣಿಸಿ ಅರ್ಧ ಮಾಡಿದರೆ 21. ಎರಡರಲ್ಲಿ ಯಾವುದು ಸರಿ ಅಂತ ಅಡೆಲ್ಬೊಲ್ಡ್ ಕೇಳಿದ್ದ. ಜೆರ್ಬರ್ಟ್ ಉತ್ತರ ಸೊಗಸಾಗಿದೆ. 28 ಬರುವುದು ತ್ರಿಕೋನದೊಳಗೆ ಪುಟ್ಟ ಚೌಕಗಳನ್ನು ಜೋಡಿಸಿ ಎಣಿಸಿದಾಗ: ಕೆಳಸಾಲಿನಲ್ಲಿ 7, ಅದರ ಮೇಲೆ 6, ಹೀಗೆ ತುದಿಯಲ್ಲಿ 1. ಆದರೆ ಅಂಚಿನ ಚೌಕಗಳು ತ್ರಿಕೋನದಿಂದ ಹೊರಗೆ ಚಾಚಿಕೊಳ್ಳುತ್ತವೆ. ಆ ಹೊರಗಿನ ತುಂಡುಗಳನ್ನೂ ಲೆಕ್ಕಕ್ಕೆ ಹಿಡಿದದ್ದರಿಂದ ಉತ್ತರ ಜಾಸ್ತಿ ಬಂತು. ಇವತ್ತಿನ ಲೆಕ್ಕದಲ್ಲಿ ಸರಿಯಾದ ಉತ್ತರ 21.2. ಎತ್ತರ 6 ಅನ್ನುವುದು ಅಂದಾಜು, ಆದರೆ ಒಳ್ಳೆಯ ಅಂದಾಜು. ತಪ್ಪು ಉತ್ತರವನ್ನು ತಪ್ಪು ಅಂತ ತಳ್ಳಿಹಾಕುವುದು ಸುಲಭ. ಅದು ಎಲ್ಲಿಂದ ಹುಟ್ಟಿತು ಅಂತ ತೋರಿಸಿಕೊಟ್ಟನಲ್ಲ, ಅದು ಮೇಷ್ಟ್ರ ಲಕ್ಷಣ.

ಇಷ್ಟಕ್ಕೇ ನಿಂತಿದ್ದರೆ ಜೆರ್ಬರ್ಟ್ ನೆಮ್ಮದಿಯಾಗಿ ಬದುಕುತ್ತಿದ್ದನೋ ಏನೋ. ಆದರೆ ಆ ಕಾಲದಲ್ಲಿ ವಿದ್ವಾಂಸನಿಗೆ ರಾಜರ ಆಶ್ರಯ ಬೇಕು, ಆಶ್ರಯ ಕೊಟ್ಟವರ ಜಗಳದಲ್ಲಿ ಪಾಲೂ ಬೇಕು. ಮ್ಯಾಗ್ಡೆಬರ್ಗ್ ನಗರದ ಓಟ್ರಿಕ್ ಅನ್ನುವ ಹೆಸರಾಂತ ಮೇಷ್ಟ್ರಿಗೆ ಇವನನ್ನು ಕಂಡರೆ ಆಗುತ್ತಿರಲಿಲ್ಲ. ಇವನ ಪಾಠದಲ್ಲಿ ಏನು ಹೇಳುತ್ತಾನೆ ಅಂತ ತಿಳಿದುಕೊಂಡು ಬರಲು ಒಬ್ಬನನ್ನು ವಿದ್ಯಾರ್ಥಿಯ ವೇಷದಲ್ಲಿ ಕಳಿಸಿದ. ಹೋದವನು ಜ್ಞಾನದ ವಿಭಾಗಗಳ ಚಿತ್ರವನ್ನು ತಪ್ಪಾಗಿ ಬರೆದುಕೊಂಡು ಬಂದ. ಜೆರ್ಬರ್ಟ್‌ಗೆ ಏನೂ ಬರುವುದಿಲ್ಲ ಅಂತ ಓಟ್ರಿಕ್ ಅದನ್ನು ಚಕ್ರವರ್ತಿ ಎರಡನೇ ಒಟ್ಟೊಗೆ ತೋರಿಸಿದ. ಚಕ್ರವರ್ತಿ ಇಬ್ಬರನ್ನೂ ರವೆನ್ನಾ ನಗರಕ್ಕೆ ಕರೆಸಿ ಎದುರುಬದುರು ವಾದಕ್ಕೆ ಕೂರಿಸಿದ. ವಾದ ಇಡೀ ದಿನ ನಡೆಯಿತು. ಕೇಳುವವರಿಗೆ ಸುಸ್ತಾಗಿ, ಚಕ್ರವರ್ತಿ ಸಾಕು ಅಂತ ನಿಲ್ಲಿಸಬೇಕಾಯಿತು. ಸ್ವಲ್ಪ ದಿನದಲ್ಲೇ ಜೆರ್ಬರ್ಟ್‌ಗೆ ಉತ್ತರ ಇಟಲಿಯ ಬೊಬ್ಬಿಯೊ ಮಠದ ಅಧಿಪತಿಯ ಪಟ್ಟ ಸಿಕ್ಕಿತು.

ಆ ಮಠದ ಗ್ರಂಥಭಂಡಾರ ದೊಡ್ಡದು, ಆದರೆ ಜಮೀನೆಲ್ಲ ಸುತ್ತಲಿನ ಜಹಗೀರುದಾರರ ಪಾಲಾಗಿತ್ತು. ಅದನ್ನು ಬಿಡಿಸಿಕೊಳ್ಳಲು ಹೋಗಿ ಎಲ್ಲರ ದ್ವೇಷ ಕಟ್ಟಿಕೊಂಡ. 983ರ ಡಿಸೆಂಬರಿನಲ್ಲಿ ಚಕ್ರವರ್ತಿ ತೀರಿಕೊಂಡದ್ದೇ ತಡ, ರೀಮ್ಸ್‌ಗೆ ವಾಪಸ್ ಓಡಬೇಕಾಯಿತು. ಅಲ್ಲಿ ಅಡಾಲ್ಬೆರೊಗೆ ಕಾರ್ಯದರ್ಶಿಯಾದ. 987ರಲ್ಲಿ ಫ್ರಾನ್ಸಿನ ದೊರೆ ಮಕ್ಕಳಿಲ್ಲದೆ ಸತ್ತಾಗ ಹ್ಯೂ ಕಾಪೆಯನ್ನು ದೊರೆಯಾಗಿ ಆರಿಸಿದ್ದರಲ್ಲಿ ಅಡಾಲ್ಬೆರೊನ ಕೈವಾಡ ದೊಡ್ಡದು, ಹಿಂದೆ ಪತ್ರ ಬರೆಯುತ್ತಿದ್ದವನು ಜೆರ್ಬರ್ಟ್. ಆ ವಂಶದ ಕವಲುಗಳೇ ಫ್ರೆಂಚ್ ಕ್ರಾಂತಿಯವರೆಗೂ ಆ ದೇಶ ಆಳಿದವು.

ಇಲ್ಲಿಂದ ಮುಂದಿನದು ಸ್ವಲ್ಪ ಗೋಜಲು. ಆದರೆ ಇದರಲ್ಲೇ ಅವನ ಬದುಕಿನ ದೊಡ್ಡ ವ್ಯಂಗ್ಯ ಇದೆ. 989ರಲ್ಲಿ ಅಡಾಲ್ಬೆರೊ ತೀರಿಕೊಂಡ. ಆ ಸ್ಥಾನ ತನಗೆ ಬರುತ್ತದೆ ಅಂತ ಜೆರ್ಬರ್ಟ್ ಕಾದಿದ್ದ. ಹ್ಯೂ ಕಾಪೆ ಅದನ್ನು ಹಳೇ ರಾಜವಂಶದ ಆರ್ನುಲ್ಫ್ ಅನ್ನುವ ಯುವಕನಿಗೆ ಕೊಟ್ಟ, ಆ ಕಡೆಯವರು ಸುಮ್ಮನಿರುತ್ತಾರೆ ಅನ್ನುವ ಆಸೆಯಿಂದ. ಆರ್ನುಲ್ಫ್ ಕೆಲವೇ ತಿಂಗಳಲ್ಲಿ ನಗರದ ಬಾಗಿಲನ್ನು ಹ್ಯೂ ಕಾಪೆಯ ಶತ್ರುವಿಗೆ ತೆರೆದುಕೊಟ್ಟ. ಆ ಶತ್ರು ಆರ್ನುಲ್ಫ್‌ನ ಚಿಕ್ಕಪ್ಪನೇ. 991ರಲ್ಲಿ ಬಿಷಪ್‌ಗಳ ಸಭೆ ಸೇರಿ ಆರ್ನುಲ್ಫ್‌ನನ್ನು ಇಳಿಸಿತು, ಜೆರ್ಬರ್ಟ್‌ನನ್ನು ಕೂರಿಸಿತು. ಪೋಪನ ಒಪ್ಪಿಗೆ ಕೇಳಲಿಲ್ಲ. ರೋಮಿನ ಪೋಪ್‌ಗಳ ಅಜ್ಞಾನ, ದುರಾಸೆ, ಕೊಲೆಗಳ ಬಗ್ಗೆ ಆ ಸಭೆಯಲ್ಲಿ ಕಟುವಾದ ಮಾತುಗಳು ಬಂದವು. ಅದರ ವರದಿ ಬರೆದವನು ಜೆರ್ಬರ್ಟ್‌ನೇ. ರೋಮಿನ ಪ್ರತಿನಿಧಿ ಲಿಯೊ ಕೊಟ್ಟ ಮಾರುತ್ತರವೂ ಉಳಿದಿದೆ. ಮೊದಲ ಪೋಪ್ ಅನ್ನಿಸಿಕೊಂಡ ಪೀಟರನ ಉತ್ತರಾಧಿಕಾರಿಗಳಿಗೆ ಪ್ಲೇಟೊ, ವರ್ಜಿಲ್, ಟೆರೆನ್ಸ್ ಮೇಷ್ಟ್ರುಗಳಾಗಿ ಬೇಕಿಲ್ಲ, ತತ್ವಶಾಸ್ತ್ರದ ದನಗಳ ಮಂದೆ ಬೇಕಿಲ್ಲ ಅನ್ನುವ ಅರ್ಥದ ಮಾತು. ಗುರಿ ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆ ಜಗಳದಲ್ಲಿ ಜೆರ್ಬರ್ಟ್ ಸೋತ. 997ರ ಹೊತ್ತಿಗೆ ರೀಮ್ಸ್ ಬಿಟ್ಟು, ಎರಡನೇ ಒಟ್ಟೊನ ಮಗ ಮೂರನೇ ಒಟ್ಟೊನ ಆಸ್ಥಾನಕ್ಕೆ ಬಂದ. ಆ ಹುಡುಗ ಮೂರು ವರ್ಷದವನಿದ್ದಾಗಲೇ ಕಿರೀಟ ಹೊತ್ತವನು, ಹದಿನೈದಕ್ಕೆ ಚಕ್ರವರ್ತಿ. ನನ್ನ ಸ್ಯಾಕ್ಸನ್ ಒರಟುತನ ಹೋಗಲಾಡಿಸಿ, ಲೆಕ್ಕದ ಪುಸ್ತಕ ವಿವರಿಸಿ ಹೇಳಿ ಅಂತ ಅವನೇ ಪತ್ರ ಬರೆದು ಕರೆಸಿಕೊಂಡಿದ್ದ. 998ರಲ್ಲಿ ಜೆರ್ಬರ್ಟ್ ರವೆನ್ನಾದ ಆರ್ಚ್‌ಬಿಷಪ್ ಆದ. ಮರುವರ್ಷ ಪೋಪ್ ಐದನೇ ಗ್ರೆಗರಿ ತೀರಿಕೊಂಡಾಗ ಒಟ್ಟೊ ತನ್ನ ಮೇಷ್ಟ್ರನ್ನೇ ಆ ಜಾಗಕ್ಕೆ ತಂದ. ರೀಮ್ಸ್, ರವೆನ್ನಾ, ರೋಮ್: ಒಂದೇ ಅಕ್ಷರದ ಮೂರು ಮೆಟ್ಟಿಲು ಹತ್ತಿದ ಅಂತ ಲ್ಯಾಟಿನ್ನಿನಲ್ಲಿ ಒಂದು ಚುಟುಕು ಹುಟ್ಟಿಕೊಂಡಿತು. ಫ್ರಾನ್ಸಿನಿಂದ ಬಂದ ಮೊದಲ ಪೋಪ್ ಇವನೇ.

ಆ ಗದ್ದುಗೆ ಆಗ ಹೇಗಿತ್ತು ಅಂತಲೂ ತಿಳಿದಿರಲಿ. ರೋಮಿನ ಕೆಲವು ಸಿರಿವಂತ ಮನೆತನಗಳು ತಮಗೆ ಬೇಕಾದವರನ್ನು ಕೂರಿಸುತ್ತಿದ್ದವು, ಬೇಡವಾದವರನ್ನು ಮುಗಿಸುತ್ತಿದ್ದವು. 974ರಲ್ಲಿ ಆರನೇ ಬೆನೆಡಿಕ್ಟ್‌ನ ಕತ್ತು ಹಿಸುಕಿ ಕೊಂದರು. 984ರಲ್ಲಿ ಹದಿನಾಲ್ಕನೇ ಜಾನ್ ಸೆರೆಮನೆಯಲ್ಲೇ ಸತ್ತ.

ಪೋಪ್ ಆದ ಮೇಲೆ ಅವನು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ರೀಮ್ಸ್‌ನ ಸ್ಥಾನವನ್ನು ಆರ್ನುಲ್ಫ್‌ಗೇ ಕಾಯಂ ಮಾಡಿದ್ದು. ರೋಮಿನ ಒಪ್ಪಿಗೆ ಇಲ್ಲದೆ ಅವನನ್ನು ಇಳಿಸಿದ್ದು ಸರಿಯಲ್ಲ ಅನ್ನುವುದು ಕಾರಣ. ಅಂದರೆ ತನ್ನ ವಿರುದ್ಧ ರೋಮ್ ಹೂಡಿದ್ದ ವಾದವನ್ನೇ ತಾನು ಎತ್ತಿಹಿಡಿದ. ಇದನ್ನು ದೊಡ್ಡತನ ಅನ್ನುವವರಿದ್ದಾರೆ, ಅವಕಾಶವಾದ ಅನ್ನುವವರೂ ಇದ್ದಾರೆ. ಕುರ್ಚಿ ಬದಲಾದಾಗ ಮಾತು ಬದಲಾಗುವುದು ಹೊಸದೇನಲ್ಲ ಅಂತ ನನಗೆ ಅನ್ನಿಸುತ್ತದೆ.

ಸಿಲ್ವೆಸ್ಟರ್ ಅನ್ನುವ ಹೆಸರನ್ನು ಅವನು ಲೆಕ್ಕ ಹಾಕಿಯೇ ಆರಿಸಿಕೊಂಡ. ಮೊದಲನೇ ಸಿಲ್ವೆಸ್ಟರ್ ನಾಲ್ಕನೇ ಶತಮಾನದವನು, ಚಕ್ರವರ್ತಿ ಕಾನ್‌ಸ್ಟಂಟೈನ್ ಕಾಲದ ಪೋಪ್. ಹೊಸ ಕಾನ್‌ಸ್ಟಂಟೈನ್ ಮೂರನೇ ಒಟ್ಟೊ, ಹೊಸ ಸಿಲ್ವೆಸ್ಟರ್ ನಾನು, ಇಬ್ಬರೂ ಸೇರಿ ಹಳೇ ರೋಮನ್ ಸಾಮ್ರಾಜ್ಯವನ್ನು ಮತ್ತೆ ಎಬ್ಬಿಸುತ್ತೇವೆ ಅನ್ನುವ ಕನಸು. ಆದರೆ ಕಾನ್‌ಸ್ಟಂಟೈನ್ ಇಡೀ ಪಶ್ಚಿಮವನ್ನೇ ಸಿಲ್ವೆಸ್ಟರ್‌ಗೆ ದಾನ ಕೊಟ್ಟ ಅನ್ನುವ ಒಂದು ದಾಖಲೆ ಪೋಪ್‌ಗಳ ಬಳಿ ಇತ್ತು. 1001ರಲ್ಲಿ ಒಟ್ಟೊ ತನ್ನ ಮೇಷ್ಟ್ರಿಗೆ ಎಂಟು ಸೀಮೆಗಳನ್ನು ಬಿಟ್ಟುಕೊಟ್ಟ. ಆ ಪತ್ರದಲ್ಲೇ, ಹಳೇ ದಾನಪತ್ರ ಸುಳ್ಳು, ಒಬ್ಬ ಧರ್ಮಸೇವಕ ಚಿನ್ನದ ಅಕ್ಷರದಲ್ಲಿ ಬರೆದು ಕಾನ್‌ಸ್ಟಂಟೈನ್ ಹೆಸರು ಹಾಕಿದ್ದು, ನಾನು ಕೊಡುತ್ತಿರುವುದು ನನ್ನದನ್ನು ಅಂತ ಹೇಳಿಬಿಟ್ಟ. ಆ ದಾನಪತ್ರ ನಕಲಿ ಅಂತ ಲೊರೆಂಜೊ ವಲ್ಲಾ ಎಂಬ ಪಂಡಿತ ವಿವರವಾಗಿ ಸಾಬೀತು ಮಾಡಿದ್ದು 1440ರಲ್ಲಿ. ಅಂದರೆ ಈ ಗುರುಶಿಷ್ಯರ ನಡುವೆ ಗುಟ್ಟು ನಾಲ್ಕು ಶತಮಾನ ಮೊದಲೇ ಬಯಲಾಗಿತ್ತು.

ಅದೇ 1001ರಲ್ಲಿ ರೋಮಿನ ಜನ ದಂಗೆ ಎದ್ದರು. ಇಬ್ಬರೂ ಊರು ಬಿಟ್ಟರು. 1002ರ ಜನವರಿಯಲ್ಲಿ ಒಟ್ಟೊ 21ನೇ ವಯಸ್ಸಿಗೇ ಜ್ವರದಿಂದ ಸತ್ತ. ಸಿಲ್ವೆಸ್ಟರ್ ರೋಮಿಗೆ ವಾಪಸ್ ಬಂದನಾದರೂ ಆಡಳಿತ ಆಗಲೇ ಸ್ಥಳೀಯ ಮನೆತನದ ಕೈಗೆ ಹೋಗಿತ್ತು. 1003ರ ಮೇ 12ರಂದು ಅವನೂ ಹೋದ. ಸಾಮ್ರಾಜ್ಯದ ಕನಸು ಅಲ್ಲಿಗೆ ಮುಗಿಯಿತು.

ಉಳಿದದ್ದು ಪೂರ್ವದ ಕಡೆ ಮಾಡಿದ ಕೆಲಸ. 1000ನೇ ಇಸವಿಯಲ್ಲಿ ಪೋಲೆಂಡಿನ ಗ್ನೀಜ್ನೊ ನಗರಕ್ಕೆ ಆರ್ಚ್‌ಬಿಷಪ್ ಪೀಠ ಸಿಕ್ಕಿತು. ಸ್ವಲ್ಪದರಲ್ಲೇ ಹಂಗೇರಿಯ ಎಸ್ಟರ್‌ಗೋಮ್‌ಗೂ ಸಿಕ್ಕಿತು. ಅಲ್ಲಿನ ದೊರೆ ಸ್ಟೀಫನ್‌ನ ಪಟ್ಟಾಭಿಷೇಕ ಪೋಪನ ಆಶೀರ್ವಾದದೊಂದಿಗೆ ನಡೆಯಿತು. ಇದರ ಮಹತ್ವ ಇಷ್ಟೇ: ಆ ಎರಡು ದೇಶಗಳ ಚರ್ಚುಗಳು ಜರ್ಮನ್ ಬಿಷಪ್‌ಗಳ ಕೈಕೆಳಗೆ ಹೋಗದೆ ನೇರವಾಗಿ ರೋಮಿನ ಕೆಳಗೆ ಬಂದವು. ಸ್ವಂತ ಚರ್ಚು ಇದ್ದದ್ದು ಸ್ವಂತ ರಾಜ್ಯ ಕಟ್ಟಿಕೊಳ್ಳುವುದಕ್ಕೆ ದೊಡ್ಡ ಬಲ. ಬುಡಾಪೆಸ್ಟಿನಲ್ಲಿ ಈಗ ಇಟ್ಟಿರುವ ಕಿರೀಟ ಸಿಲ್ವೆಸ್ಟರ್ ಕಳಿಸಿದ್ದು ಅನ್ನುವುದು ಹಂಗೇರಿಯವರ ಪ್ರೀತಿಯ ನಂಬಿಕೆ. ಇವತ್ತಿನ ವಿದ್ವಾಂಸರು ಆ ಕಿರೀಟ ಅವನ ಕಾಲದ ನಂತರದ್ದು ಅನ್ನುತ್ತಾರೆ.

ಸತ್ತ ಮೇಲೆ ಇವನು ಮಾಂತ್ರಿಕನಾದ. 12ನೇ ಶತಮಾನದ ಇಂಗ್ಲೆಂಡಿನ ಸನ್ಯಾಸಿ ಮಾಮ್ಸ್‌ಬರಿಯ ವಿಲಿಯಂ ಬರೆದ ಕಥೆ ಕೇಳಿ. ಸ್ಪೇನಿನಲ್ಲಿ ಮುಸ್ಲಿಂ ಗುರುವಿನ ಮಂತ್ರದ ಪುಸ್ತಕ ಕದ್ದು ದೆವ್ವದ ಸಹಾಯದಿಂದ ತಪ್ಪಿಸಿಕೊಂಡನಂತೆ. ಪ್ರಶ್ನೆ ಕೇಳಿದರೆ ಹೌದು, ಅಲ್ಲ ಅಂತ ಉತ್ತರಿಸುವ ಲೋಹದ ತಲೆ ಮಾಡಿಟ್ಟುಕೊಂಡಿದ್ದನಂತೆ. ನಾನು ಪೋಪ್ ಆಗುತ್ತೇನಾ? ಹೌದು. ಜೆರುಸಲೇಮಿನಲ್ಲಿ ಪೂಜೆ ಮಾಡುವ ಮುಂಚೆ ಸಾಯುತ್ತೇನಾ? ಇಲ್ಲ. ಹಾಗಾದರೆ ಜೆರುಸಲೇಮಿಗೆ ಹೋಗುವುದೇ ಬೇಡ ಅಂದುಕೊಂಡ. ಆದರೆ ರೋಮಿನಲ್ಲೇ ಜೆರುಸಲೇಮ್ ಅನ್ನುವ ಹೆಸರಿನ ಚರ್ಚು ಇದೆ. ಅಲ್ಲಿ ಪೂಜೆ ಮಾಡಿದ, ಸತ್ತ. ಕಥೆ ಚೆನ್ನಾಗಿದೆ, ಒಪ್ಪಬೇಕು. ಬೇರು ಮಾತ್ರ ರಾಜಕೀಯ. 11ನೇ ಶತಮಾನದ ಕೊನೆಗೆ ಪೋಪ್ ಏಳನೇ ಗ್ರೆಗರಿಗೂ ಚಕ್ರವರ್ತಿ ನಾಲ್ಕನೇ ಹೆನ್ರಿಗೂ ದೊಡ್ಡ ಕಾದಾಟ ನಡೆಯಿತು. ಗ್ರೆಗರಿಯ ವಿರೋಧಿ ಕಾರ್ಡಿನಲ್ ಬೆನೊ, ಗ್ರೆಗರಿ ಮಾಟಗಾರ, ಈ ವಿದ್ಯೆಯ ಪರಂಪರೆ ಜೆರ್ಬರ್ಟ್‌ನಿಂದ ಬಂದದ್ದು ಅಂತ ಬರೆದ. ಹೊಡೆಯಬೇಕಿದ್ದದ್ದು ಗ್ರೆಗರಿಯನ್ನು, ಏಟು ಬಿದ್ದದ್ದು ಎಂದೋ ಸತ್ತ ಗಣಿತದ ಮೇಷ್ಟ್ರಿಗೆ. ಸಮಾಧಿಯನ್ನೂ ಬಿಡಲಿಲ್ಲ. ಪೋಪ್ ಸಾಯುವ ಕಾಲ ಹತ್ತಿರ ಬಂದರೆ ಅದು ಬೆವರುತ್ತದೆ, ಒಳಗೆ ಮೂಳೆ ಅಲುಗಾಡುವ ಸದ್ದು ಬರುತ್ತದೆ ಅನ್ನುವ ಮಾತು ಹಬ್ಬಿತು.

ಹಲಗೆಯ ಕಥೆ ಮಾಂತ್ರಿಕನ ಕಥೆಯಷ್ಟು ಓಡಲಿಲ್ಲ. 11ನೇ ಶತಮಾನವಿಡೀ ಮಠಗಳ ಪಾಠಶಾಲೆಗಳಲ್ಲಿ ಅದನ್ನು ಕಲಿಸಿದರು, ಅದರ ಬಗ್ಗೆ ಪುಸ್ತಕಗಳನ್ನೂ ಬರೆದರು. ಅಂಗಡಿಗೆ, ಸಂತೆಗೆ ಅದು ಇಳಿಯಲಿಲ್ಲ. ಸೊನ್ನೆ ಸಮೇತ ಪೂರ್ತಿ ಕ್ರಮ ಬಂದದ್ದು ಬೇರೆ ದಾರಿಯಲ್ಲಿ: ಅಲ್ ಖ್ವಾರಿಜ್ಮಿಯ ಲ್ಯಾಟಿನ್ ಅನುವಾದಗಳಿಂದ, ವ್ಯಾಪಾರಿಗಳಿಂದ. ಪೀಸಾ ನಗರದ ಫಿಬೊನಾಚಿ ಹುಡುಗನಾಗಿದ್ದಾಗ ಅವನ ತಂದೆ ಉತ್ತರ ಆಫ್ರಿಕಾದ ಬುಜಿಯಾ ಬಂದರಿನಲ್ಲಿ ಸುಂಕದ ಕೆಲಸದಲ್ಲಿದ್ದ. ಅಲ್ಲೇ ಇವನು ಭಾರತದ ಒಂಬತ್ತು ಅಂಕಿಗಳನ್ನೂ ಸೊನ್ನೆಯನ್ನೂ ಕಲಿತ. 1202ರಲ್ಲಿ ಅದರ ಬಗ್ಗೆ ದೊಡ್ಡ ಪುಸ್ತಕ ಬರೆದ. ಅದಾದ ಮೇಲೂ ವಿರೋಧ ಇತ್ತು. 1299ರಲ್ಲಿ ಫ್ಲಾರೆನ್ಸ್ ನಗರದ ಹಣ ವಿನಿಮಯಗಾರರ ಸಂಘ ಲೆಕ್ಕದ ಪುಸ್ತಕದಲ್ಲಿ ಈ ಅಂಕಿ ಬಳಸಬಾರದು ಅಂತ ನಿಯಮ ಮಾಡಿತು. ಫಿಬೊನಾಚಿ ತನ್ನ ಮುನ್ನುಡಿಯಲ್ಲಿ ಹಳೇ ಪದ್ಧತಿಗಳನ್ನೂ ನೆನೆಯುತ್ತಾನೆ. ಅವುಗಳಲ್ಲಿ ಪೈಥಾಗರಸ್‌ನ ಕಮಾನುಗಳು ಅನ್ನುವುದೊಂದು. ಅಂಕಣಗಳ ನೆತ್ತಿಗೆ ಕಮಾನು ಬರೆದಿರುತ್ತಿದ್ದ, ಜೆರ್ಬರ್ಟ್ ಜನಪ್ರಿಯಗೊಳಿಸಿದ ಹಲಗೆಯೇ ಅದು ಅಂತ ವಿದ್ವಾಂಸರು ತಿಳಿಯುತ್ತಾರೆ. ಭಾರತದವರ ಕ್ರಮದ ಪಕ್ಕದಲ್ಲಿಟ್ಟು ನೋಡಿದರೆ ಅದೆಲ್ಲ ಹೆಚ್ಚುಕಡಿಮೆ ತಪ್ಪೇ ಅನ್ನಿಸಿತು ಅಂತ ಬರೆದು, ಫಿಬೊನಾಚಿ ಮುಂದಕ್ಕೆ ಹೋಗುತ್ತಾನೆ.